ತನ್ನನ್ನೇ ತಿಂದ ಮುಖ

ಕಲ್ಪನಾಚಿತ್ರವೊಂದರ ಎದುರು ನಿಂತಾಗ ನಾವು ಮೊದಲು ಕೇಳುವ ಪ್ರಶ್ನೆ, ‘ಇದರ ಅರ್ಥವೇನು?’ ಎಂಬುದು. ಅದಕ್ಕೂ ಮುನ್ನ ಕೇಳಬೇಕಾದ ಪ್ರಶ್ನೆ ಇನ್ನೊಂದುಂಟು: ‘ಇದರ ಭಾವವೇನು?’ ಈ ಪಾಠವನ್ನು ನಾನು ಕಲಿತದ್ದು ಗ್ರಂಥದಿಂದಲ್ಲ, ಇಟಗಿಯ ಕಲ್ಲಿನಿಂದ.

ಕೊಪ್ಪಳ ಜಿಲ್ಲೆಯ ಕುಕನೂರಿಗೆ ಸಮೀಪದ ಈ ಊರಿನಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಶಿವಾಲಯವಿದೆ. ಶಾಸನವು ಅದನ್ನು ‘ದೇವಾಲಯ ಚಕ್ರವರ್ತಿ’ಯೆಂದು ಕೊಂಡಾಡಿದೆ. ಅಲ್ಲಿ ಬಳಪದ ಕಲ್ಲೇ ಚಿತ್ರಪಟ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಬಾಲವಿರಬೇಕಾದೆಡೆ ಬಳ್ಳಿಯ ಸುರುಳಿ—ಇದು ತೋರಣದ ಮಕರ. ಶಿಖರದಲ್ಲಿ ಕೀರ್ತಿಮುಖಗಳು. ಲೋಕದಲ್ಲೆಲ್ಲಿಯೂ ಇಲ್ಲದ ಪ್ರಾಣಿಗಳಿವು.

ವಿದ್ಯಾರ್ಥಿಗಳೊಡನೆ ಹೋಗಿದ್ದಾಗ ಹುಡುಗಿಯೊಬ್ಬಳು ಕೀರ್ತಿಮುಖವನ್ನು ತೋರಿಸಿ, “ಈ ರಾಕ್ಷಸ ಯಾರು?” ಎಂದು ಕೇಳಿದಳು. “ಕೆಟ್ಟ ದೃಷ್ಟಿ ತಾಗದಂತೆ ಹೆದರಿಸಲು ಇಟ್ಟ ಮುಖ” ಎಂದು ನಾನು ಅವಸರದಿಂದ ಉತ್ತರಿಸಿದೆ. ಆಕೆ ಒಪ್ಪಲಿಲ್ಲ. “ಹೆದರಿಸುವವನಂತಿಲ್ಲ, ಹಸಿದವನಂತಿದ್ದಾನೆ” ಎಂದಳು. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ನಾನು ಭಯಾನಕವೆಂದು ಓದಿದ್ದನ್ನು ಆಕೆ ಕರುಣವೆಂದು ಓದಿದ್ದಳು.

ಸ್ಕಂದಪುರಾಣದ ಕಥೆ ಆಗ ನೆನಪಾಯಿತು. ಪಾರ್ವತಿಯನ್ನು ಒಪ್ಪಿಸೆಂದು ಜಲಂಧರನು ರಾಹುವನ್ನು ದೂತನಾಗಿ ಕಳುಹಿಸುತ್ತಾನೆ. ಕೆರಳಿದ ಶಿವನಿಂದ ಹಸಿವೇ ಮೈವೆತ್ತಂತಹ ಭೂತವೊಂದು ಹುಟ್ಟಿ ರಾಹುವನ್ನು ನುಂಗಲು ಹೋಗುತ್ತದೆ. ರಾಹು ಶರಣಾದಾಗ ಶಿವನು ತಡೆಯುತ್ತಾನೆ. “ನನಗೇನು ಆಹಾರ?” ಎಂದ ಭೂತಕ್ಕೆ, “ನಿನ್ನನ್ನೇ ತಿನ್ನು” ಎನ್ನುತ್ತಾನೆ. ಅದು ತನ್ನ ಒಡಲನ್ನೆಲ್ಲ ತಿಂದು, ಮುಖವೊಂದನ್ನೇ ಉಳಿಸಿಕೊಳ್ಳುತ್ತದೆ. ಮೆಚ್ಚಿದ ಶಿವನು ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು ತನ್ನ ಬಾಗಿಲಲ್ಲಿ ನಿಲ್ಲಿಸುತ್ತಾನೆ.

ನನ್ನ ಉತ್ತರ ತಪ್ಪಾಗಿರಲಿಲ್ಲ. ಆ ಮುಖ ಕಾವಲಿನದೂ ಹೌದು. ಆದರೆ ಸಿದ್ಧವಾಗಿದ್ದ ಅರ್ಥವು ನನ್ನ ಕಣ್ಣನ್ನು ಮುಚ್ಚಿತ್ತು. ಭಾವವನ್ನು ಹಿಡಿದು ಹೊರಟವಳು ಒಳಬಾಗಿಲನ್ನೇ ತಲಪಿದ್ದಳು.

ಕೀರ್ತಿಮುಖವು ಎಷ್ಟೋ ಗುಡಿಗಳಲ್ಲಿ ಕಾಣುವ ಸಂಪ್ರದಾಯದ ಅಲಂಕಾರವೆಂಬುದು ನಿಜ. ಆದರೂ, ಕೀರ್ತಿಯನ್ನು ಬಯಸಿದ ದಂಡನಾಯಕನೊಬ್ಬನ ಗುಡಿಯ ನೆತ್ತಿಯಲ್ಲಿ ಅದು ಸುಮ್ಮನೆ ಕುಳಿತಿಲ್ಲವೆಂದು ನನಗೆ ತೋರುತ್ತದೆ. ದಂಡನಾಯಕನಿಲ್ಲ, ದಂಡಿಲ್ಲ, ಚಕ್ರವರ್ತಿಯೂ ಇಲ್ಲ. ಒಡಲೆಲ್ಲ ಕರಗಿದ ಮೇಲೆ ಉಳಿದಿರುವುದು ಒಂದು ಮುಖ ಮಾತ್ರ.

ಮುಂದೆ ಇಟಗಿಗೆ ಹೋಗುವ ವಾಚಕರು ಮಕ್ಕಳನ್ನೂ ಕರೆದೊಯ್ಯಲಿ. ಅರ್ಥ ಹೇಳುವ ಮುಂಚೆ, ಅವರಿಗೆ ಏನು ಕಂಡಿತೆಂದು ಕೇಳಲಿ.