ವಲಸೆ ಬಂದವರ ಮೊಮ್ಮಕ್ಕಳು

ಬಂಡಿಗಳಲ್ಲಿ ಸಂಸಾರವನ್ನು ಹೇರಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟವರ ಕತೆಯನ್ನು ನಾವು ಪುಸ್ತಕಗಳಲ್ಲಿ ಓದಿದ್ದೇವೆ, ಚಲನಚಿತ್ರಗಳಲ್ಲಿ ಕಂಡಿದ್ದೇವೆ. 1862ರ ಅಲ್ಲಿನ ಕಾನೂನೊಂದು, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿಯನ್ನು ಕೊಟ್ಟಿತು. ಅಮೆರಿಕನ್ನರ ಸ್ವಭಾವವನ್ನು ರೂಪಿಸಿದ್ದು ಯೂರೋಪಿನ ಪರಂಪರೆಗಿಂತ ಹೆಚ್ಚಾಗಿ ಈ ಗಡಿನಾಡಿನ ಬದುಕು ಎಂದು 1893ರಲ್ಲಿ ಟರ್ನರ್ ಎಂಬ ಇತಿಹಾಸಕಾರ ವಾದಿಸಿದನು. ಆ ವಾದವನ್ನು ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವುದು ನಮ್ಮ ಕಲಬುರಗಿಯ ಕೋಟೆ. ಇದೂ ಒಂದು ಕಾಲದ ಗಡಿನಾಡು. ಇಲ್ಲಿಗೂ ದೂರದಿಂದ ಜನ ಬಂದರು. ಅವರು ಹಿಡಿದದ್ದು ಪಶ್ಚಿಮದ ದಾರಿಯಲ್ಲ, ದಕ್ಷಿಣದ ದಾರಿ.

1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನು ದೇವಗಿರಿಯನ್ನು ದೌಲತಾಬಾದ್ ಎಂಬ ಹೆಸರಿನಿಂದ ರಾಜಧಾನಿಯನ್ನಾಗಿ ಮಾಡಿದನು. ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು ದೆಹಲಿಯನ್ನು ಬಿಟ್ಟು ಹೊರಡಬೇಕಾಯಿತು. ಅಮೆರಿಕದ ವಲಸೆಗಾರನನ್ನು ಭೂಮಿಯ ಆಸೆ ಎಳೆಯಿತು. ಇವರನ್ನು ಅರಸನ ಆಜ್ಞೆ ನೂಕಿತು. ಹಾಗೆ ತಂದೆಯೊಡನೆ ಬಂದ ಬಾಲಕರಲ್ಲಿ ಒಬ್ಬರು ಮುಂದೆ ಖ್ವಾಜಾ ಬಂದೇ ನವಾಜ್ ಎಂದು ಪ್ರಸಿದ್ಧರಾದರು. ಅವರು ದೆಹಲಿಗೆ ಮರಳಿ, 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಮುಪ್ಪಿನ ವಯಸ್ಸಿನಲ್ಲಿ ಮತ್ತೆ ದಕ್ಷಿಣದ ದಾರಿ ಹಿಡಿದರು. 1422ರಲ್ಲಿ ಕಲಬುರಗಿಯಲ್ಲಿಯೇ ಕಾಲವಾದರು.

1347ರಲ್ಲಿ ದಖ್ಖನದ ಸರದಾರರು ದೆಹಲಿಯ ವಿರುದ್ಧ ದಂಗೆಯೆದ್ದು ಗೆದ್ದರು. ಅಲಾವುದ್ದೀನ್ ಹಸನನು ಬಹಮನಿ ರಾಜ್ಯವನ್ನು ಸ್ಥಾಪಿಸಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಆರಿಸಿಕೊಂಡನು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗಳಿಗಿರುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡಕ್ಕೇ ಗುಮ್ಮಟಗಳ ಚಾವಣಿಯುಂಟು. ದಕ್ಷಿಣಕ್ಕೆ ವಿಜಯನಗರ, ನಡುವೆ ಕೃಷ್ಣಾ–ತುಂಗಭದ್ರೆಗಳ ಫಲವತ್ತಾದ ರಾಯಚೂರು ದೋಆಬ್. ಆ ನೆಲಕ್ಕಾಗಿ ಎರಡು ರಾಜ್ಯಗಳೂ ತಲೆಮಾರುಗಳ ಕಾಲ ರಕ್ತ ಸುರಿಸಿದವು.

ಬಂದವರಿಗೆ ಈ ನಾಡು ಹೊಸತಾಗಿದ್ದಿರಬಹುದು, ಬರಿದಾಗಿರಲಿಲ್ಲ. ಕೋಟೆಯಿಂದ ಒಂದು ದಿನದ ಪಯಣಕ್ಕೆ ಸಿಕ್ಕುವ ಮಳಖೇಡದಲ್ಲಿ, ಒಂಬತ್ತನೆಯ ಶತಮಾನದಲ್ಲಿಯೇ, ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡಿನ ಎಲ್ಲೆಯನ್ನು ಗುರುತಿಸಿತ್ತು. ಅಮೆರಿಕವೂ ಬರಿದಾಗಿರಲಿಲ್ಲ. ಆದರೆ ಅಲ್ಲಿ 1830ರ ಕಾನೂನಿನ ಬಲದಿಂದ ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಅಟ್ಟಲಾಯಿತು. ಇಲ್ಲಿ ಅರಸರು ಬದಲಾದರು, ಉಳುವವನ ಮಾತು ಬದಲಾಗಲಿಲ್ಲ. ಬಂದವರ ಮಾತೇ ಬದಲಾಯಿತು.

ಹೇಗೆಂದರೆ, ಉತ್ತರದ ಉರ್ದುವಿನಲ್ಲಿ ‘ಉಸ್ ನೇ ಕಹಾ ಕಿ’ ಎಂದು ಮೊದಲು ಹೇಳಿ, ಆಡಿದ ಮಾತು ಅನಂತರ ಬರುತ್ತದೆ. ದಖನಿಯಲ್ಲಿ ‘ವೊ ಆತಾ ಬೋಲ್ಕೆ ಬೋಲ್ಯಾ’ ಎಂದರೆ ಸಾಕು. ‘ಅವನು ಬರುತ್ತಾನೆ ಎಂದು ಹೇಳಿದ’ ಎಂಬ ನಮ್ಮ ವಾಕ್ಯದ ಎರಕವೇ ಅದು. ‘ಎಂದು’ ಇರುವಲ್ಲಿ ‘ಬೋಲ್ಕೆ’ ಕುಳಿತಿದೆ. ‘ಬೇಡ’ ಎನ್ನಲು ಬಳಸುವ ‘ನಕ್ಕೋ’ ಮರಾಠಿಯ ಕೊಡುಗೆ. ಇದನ್ನು ಕೆಟ್ಟ ಉರ್ದು ಎಂದು ನಗುವವರುಂಟು. ಕನ್ನಡ ಪಾಠ ಹೇಳಿದ ನನಗೆ ಇದು ನೆರೆಹೊರೆಯ ಬಾಳುವೆಯ ದಾಖಲೆಯಾಗಿ ಕಾಣುತ್ತದೆ.

ಕತೆಯ ಕಹಿ ಭಾಗ ಮುಂದಿದೆ. 1420ರ ದಶಕದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಅಷ್ಟರೊಳಗೆ ದೆಹಲಿಯಿಂದ ಬಂದವರ ಮೊಮ್ಮಕ್ಕಳು ತಮ್ಮನ್ನು ‘ದಖನಿ’ಗಳೆಂದು ಕರೆದುಕೊಳ್ಳತೊಡಗಿದ್ದರು. ಇರಾನ್, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದ ‘ಆಫಾಕಿ’ಗಳು ಅವರ ಕಣ್ಣಿಗೆ ಪರದೇಶಿಗಳಾದರು. ಈ ಬಣಗಳ ವೈರಕ್ಕೆ ಗೀಲಾನಿನಿಂದ ಬಂದಿದ್ದ ಸಮರ್ಥ ಮಂತ್ರಿ ಮಹಮೂದ್ ಗವಾನನು 1481ರಲ್ಲಿ ಬಲಿಯಾದನು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು. ಅಮೆರಿಕದಲ್ಲಿಯೂ ಹೀಗೆಯೇ, ವಲಸೆಗಾರರು ಕಟ್ಟಿದ ಆ ದೇಶವು 1882ರಲ್ಲಿ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಪಶ್ಚಿಮದ ರೈಲುಹಾದಿಗಾಗಿ ಬೆಟ್ಟಗಳನ್ನು ಒಡೆದವರಲ್ಲಿ ಅವರೂ ಇದ್ದರು.

ತನ್ನ ಅಜ್ಜ ಬಂದ ದಾರಿಯನ್ನು ಮರೆತವನಿಗೆ ಅದೇ ದಾರಿಯಲ್ಲಿ ಬರುವ ಇನ್ನೊಬ್ಬನು ಶತ್ರುವಾಗಿ ಕಾಣುತ್ತಾನೆ. ಕಲಬುರಗಿಯ ಕೋಟೆಯನ್ನು ನೋಡಲು ಹೋದವರು ಬುರುಜು, ತೋಪುಗಳನ್ನು ನೋಡಿ ಮರಳುವುದು ವಾಡಿಕೆ. ಮರಳುವಾಗ ಪೇಟೆಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಡಬೇಕು. ಒಬ್ಬನು ‘ಅಂತ’ ಎನ್ನುತ್ತಾನೆ, ಇನ್ನೊಬ್ಬನು ‘ಬೋಲ್ಕೆ’ ಎನ್ನುತ್ತಾನೆ. ಆರು ನೂರು ವರ್ಷಗಳ ನೆರೆಹೊರೆತನ ಆ ಎರಡು ಮಾತುಗಳಲ್ಲಿ ಕೇಳಿಸುತ್ತದೆ.