ಹೋಲ್ಡ್ ಆನ್ ಅಂದ್ರೇನು, ಹೋಲ್ಡ್ ಆಫ್ ಅಂದ್ರೇನು? ದಿನದ ಮಾತಿನಲ್ಲಿ ಫ್ರೇಸಲ್ ವರ್ಬ್‌ಗಳು

ಓಎಂಆರ್ ಟ್ರಾಫಿಕ್‌ನಲ್ಲಿ ಕ್ಯಾಬ್‌ನೊಳಗೆ ಕೂತು, ವಿಡಿಯೋ ನೋಡೋಕಾಗದೆ ಓದೋಕೆ ಮಾತ್ರ ಪುರುಸೊತ್ತಿರೋರಿಗಾಗಿ ಈ ವಾರದ ಮಾತನ್ನು ಬರಹಕ್ಕೆ ಇಳಿಸಿದ್ದೇವೆ. ವಿಷಯ ಫ್ರೇಸಲ್ ವರ್ಬ್. ಅಂದ್ರೆ ಗೆಟ್, ಪುಟ್, ಲುಕ್, ಹೋಲ್ಡ್ ಥರದ ಒಂದು ಸಣ್ಣ ಕ್ರಿಯಾಪದ, ಅದರ ಹಿಂದೆ ಆಫ್, ಅಪ್, ಔಟ್, ಇನ್ ಥರದ ಒಂದು ಬಾಲ. ಪದ ಎರಡೂ ನಮಗೆ ಗೊತ್ತು. ಎರಡೂ ಸೇರಿದ ಮೇಲೆ ಹುಟ್ಟೋ ಅರ್ಥ ಮಾತ್ರ ಕೈಕೊಡುತ್ತೆ.

ಸಿರುಸೇರಿಯಲ್ಲಿ ಕೆಲಸ ಮಾಡುವ ದಾವಣಗೆರೆ ಕಡೆಯ ಹುಡುಗನೊಬ್ಬ ಹೇಳಿದ್ದು ಇದು. ರಾತ್ರಿ ಹನ್ನೊಂದಕ್ಕೆ ರಿಲೀಸ್ ಇತ್ತು. ಕ್ಲೈಂಟ್ ಕಡೆಯಿಂದ ಚಾಟ್‌ನಲ್ಲಿ ಒಂದೇ ಸಾಲು ಬಂತು: ‘ಹೋಲ್ಡ್ ಆಫ್ ಆನ್ ದಿ ರಿಲೀಸ್.’ ಫೋನಿನಲ್ಲಿ ಹೋಲ್ಡ್ ಅಂದ್ರೆ ಒಂದೆರಡು ನಿಮಿಷ ತಡೀರಿ ಅಂತ ತಾನೇ? ಅವನು ಹತ್ತು ನಿಮಿಷ ಕಾದ, ಆಮೇಲೆ ರಿಲೀಸ್ ಮಾಡಿದ. ಹೋಲ್ಡ್ ಆನ್ ಆಗಿದ್ದರೆ ಅವನು ಮಾಡಿದ್ದು ಸರಿಯೇ. ಆದರೆ ಹೋಲ್ಡ್ ಆಫ್ ಅಂದ್ರೆ ‘ಈಗ ಬೇಡ, ನಾವು ಹೇಳೋವರೆಗೂ ಮುಟ್ಟಬೇಡಿ’ ಅಂತ. ಬೆಳಗಿನ ಜಾವದವರೆಗೂ ತಂಡವೆಲ್ಲ ಕೂತು ಹಳೇ ವರ್ಷನ್ ವಾಪಸ್ ತರಬೇಕಾಯಿತು. ಆ ಹುಡುಗನ ಇಂಗ್ಲಿಷ್ ಏನೂ ಕಳಪೆಯಲ್ಲ. ದೊಡ್ಡ ದೊಡ್ಡ ಪದಗಳು ಅವನಿಗೆ ನೀರು ಕುಡಿದಷ್ಟು ಸಲೀಸು. ಎಡವಿಸಿದ್ದು ಎರಡಕ್ಷರದ ‘ಆಫ್’.

ಇದು ನಮ್ಮೊಬ್ಬರ ಪಾಡಲ್ಲ ಬಿಡಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ, ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡೋದು ಕ್ರಿಯಾಪದಕ್ಕೆ ಅಂಟಿಕೊಳ್ಳೋ ಈ ಬಾಲಗಳು ಅಂತ ಒಪ್ಪಿಕೊಂಡಿದ್ದ. ಫ್ರೇಸಲ್ ವರ್ಬ್ ಅನ್ನೋ ಹೆಸರು ಬಳಕೆಗೆ ಬಂದಿದ್ದು ಅದಾಗಿ ಸುಮಾರು 170 ವರ್ಷಕ್ಕೆ, ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ತನ್ನ ಪುಸ್ತಕದಲ್ಲಿ ಬಳಸಿದ ಮೇಲೆ.

ಈಗ ಕನ್ನಡದ ಕಡೆ ತಿರುಗಿ. ‘ಬರೆ’ ಅನ್ನೋ ಒಂದು ಪದ ತಗೊಳ್ಳಿ. ಬರೆದುಬಿಡು, ಬರೆದುಕೊ, ಬರೆದುಕೊಡು, ಬರೆದಿಡು, ಬರೆದುನೋಡು. ಬರೆಯೋ ಕೆಲಸ ಒಂದೇ, ಆದರೆ ಮುಗಿಸಿ ಕೈತೊಳೆದುಕೊಳ್ಳೋದಾ, ತನಗಾಗಿಯಾ, ಇನ್ನೊಬ್ಬರಿಗಾಗಿಯಾ, ಮುಂದಕ್ಕೆ ಬೇಕು ಅಂತಲಾ, ಸುಮ್ಮನೆ ಪರೀಕ್ಷೆಗಾ ಅನ್ನೋದನ್ನೆಲ್ಲ ಬಾಲ ಹೇಳುತ್ತೆ. ‘ಬಿಡು’ ಅನ್ನೋದಕ್ಕೆ ಇಲ್ಲಿ ಕೈಬಿಡು ಅನ್ನೋ ಅರ್ಥವೇ ಇಲ್ಲ. ಪಕ್ಕದ ಡೆಸ್ಕಿನ ತಮಿಳು ಗೆಳೆಯರನ್ನು ಕೇಳಿ ನೋಡಿ: ಪಣ್ಣಿಡು, ಪಣ್ಣಿಕುಡು, ಪಣ್ಣಿಪಾರು. ನಮ್ಮ ಮಾಡಿಬಿಡು, ಮಾಡಿಕೊಡು, ಮಾಡಿನೋಡು ಹಾಗೇ ಕೂತಿವೆ! ಹೊಸದಾಗಿ ಚೆನ್ನೈಗೆ ಬಂದೋರು ತಮಿಳಿನ ಈ ಮೂರನ್ನು ಒಂದೇ ವಾರದಲ್ಲಿ ಹಿಡಿದುಬಿಡ್ತಾರೆ, ಯಾಕಂದ್ರೆ ಅಚ್ಚು ಒಂದೇ.

ಇಂಗ್ಲಿಷಿನ ಕೆಲವು ಬಾಲಗಳನ್ನೂ ಇದೇ ಕಿವಿಯಲ್ಲಿ ಕೇಳಬಹುದು. ಈಟ್ ಅಂದ್ರೆ ತಿನ್ನು, ಈಟ್ ಅಪ್ ಅಂದ್ರೆ ತಿಂದು ಮುಗಿಸಿಬಿಡು. ಯೂಸ್ ಅಪ್ ಅಂದ್ರೆ ಖಾಲಿ ಮಾಡಿಬಿಡು. ಟ್ರೈ ಔಟ್, ಮಾಡಿನೋಡು. ರೈಟ್ ಡೌನ್, ಬರೆದಿಟ್ಟುಕೊ. ಇಲ್ಲಿ ‘ಅಪ್’ ಅಂದ್ರೆ ಮೇಲೆ, ‘ಡೌನ್’ ಅಂದ್ರೆ ಕೆಳಗೆ ಅಂತ ತಡಕಾಡೋಕೆ ಹೋಗಬೇಡಿ, ‘ಬಿಡು’ವಿನಲ್ಲಿ ಬಿಡೋದನ್ನು ಹುಡುಕಿದ ಹಾಗಾಗುತ್ತೆ. ಎಲ್ಲವೂ ಹೀಗೆ ಸಲೀಸಾಗಿ ಹೊಂದಲ್ಲ, ಅದೂ ನಿಜ. ಪುಟ್ ಅಪ್ ವಿತ್ ಅಂದ್ರೆ ಸಹಿಸಿಕೊ. ಅದನ್ನು ಬಿಡಿಸಿ ನೋಡಿದರೆ ಏನೂ ಸಿಗಲ್ಲ. ಅಂಥವನ್ನು ಇಡಿಯಾಗಿ ಒಂದೇ ಪದ ಅಂತಲೇ ಕಲಿಯಬೇಕು.

ನಮ್ಮ ನಿಜವಾದ ತೊಡಕು ಇರೋದು ಬೇರೆ ಕಡೆ. ನಾವು ಇಂಗ್ಲಿಷಿನಿಂದ ಇವನ್ನು ಎರವಲು ತಗೊಳ್ಳುವಾಗ ‘ಮಾಡು’ ಸೇರಿಸಿ ತಗೊಳ್ತೀವಿ. ಸ್ವಿಚ್ ಆಫ್‌ನಲ್ಲಿ ಸ್ವಿಚ್ ಬಿಟ್ಟು ‘ಫ್ಯಾನ್ ಆಫ್ ಮಾಡು’ ಅಂತೀವಿ. ಕನ್ನಡದಲ್ಲಿ ಅದು ಸರಿಯೇ, ಚೆನ್ನಾಗೂ ಇದೆ. ಆದರೆ ಇಂಗ್ಲಿಷ್ ಮಾತಾಡುವಾಗ ‘ಮಾಡು’ ಕಳಚಿ ಬೀಳುತ್ತೆ, ‘ಆಫ್ ದಿ ಫ್ಯಾನ್’ ಉಳಿಯುತ್ತೆ. ಲಾಗಿನ್ ಮಾಡ್ದೆ, ಬ್ಯಾಕಪ್ ಮಾಡ್ದೆ, ಸೆಟಪ್ ಮಾಡ್ದೆ ಅಂತ ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ, ಮೇಲ್ ಬರೆಯುವಾಗ ‘ಐ ಲಾಗಿನ್ಡ್’, ‘ಐ ಬ್ಯಾಕಪ್ಡ್ ದಿ ಡೇಟಾ’ ಅಂತ ಬೆರಳೇ ಟೈಪ್ ಮಾಡಿಬಿಡುತ್ತೆ. ಕಾಲ ತೋರಿಸೋ ಪ್ರತ್ಯಯ ಬಾಲಕ್ಕೆ ಹತ್ತಲ್ಲ, ಮೊದಲ ಪದಕ್ಕೆ ಹತ್ತುತ್ತೆ: ಲಾಗ್ಡ್ ಇನ್, ಬ್ಯಾಕ್ಡ್ ಅಪ್, ರೋಲ್ಡ್ ಬ್ಯಾಕ್. ನಾಮಪದವಾದಾಗ ಕೂಡಿಸಿ ಬರೀರಿ, ಕ್ರಿಯಾಪದವಾದಾಗ ನಡುವೆ ಜಾಗ ಬಿಡಿ. ಕಿವಿಗೂ ವ್ಯತ್ಯಾಸ ಇದೆ. ನಾಮಪದದಲ್ಲಿ ಒತ್ತು ‘ಬ್ಯಾಕ್’ ಮೇಲೆ ಬಿದ್ದರೆ, ಕ್ರಿಯಾಪದದಲ್ಲಿ ‘ಅಪ್’ ಮೇಲೆ ಬೀಳುತ್ತೆ. ಮುಂದಿನ ಕಾಲ್‌ನಲ್ಲಿ ಕಿವಿಗೊಟ್ಟು ಕೇಳಿ, ಆಚೆ ಕಡೆಯವರು ಇದನ್ನು ತಪ್ಪದೆ ಮಾಡ್ತಾರೆ.

ಜಾಗದ ಲೆಕ್ಕವೂ ಒಂದಿದೆ, ಚಿಕ್ಕದು. ‘ಟರ್ನ್ ಆಫ್ ದಿ ಸರ್ವರ್’ ಅನ್ನಬಹುದು, ‘ಟರ್ನ್ ದಿ ಸರ್ವರ್ ಆಫ್’ ಅಂತಲೂ ಅನ್ನಬಹುದು. ಸರ್ವರ್ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ಟರ್ನ್ ಇಟ್ ಆಫ್. ಲುಕ್ ಇಂಟು ಥರದವು ಈ ಜಾತಿಗೆ ಸೇರಲ್ಲ. ‘ಲುಕ್ ಇಂಟು ಇಟ್’ ಅಂದ್ರೆ ಏನಾಗಿದೆ ಅಂತ ವಿಚಾರಿಸು, ಅದನ್ನು ಒಡೆಯೋಕಾಗಲ್ಲ. ‘ಲುಕ್ ಇಟ್ ಅಪ್’ ಅಂದ್ರೆ ಡಾಕ್ಯುಮೆಂಟ್‌ನಲ್ಲೋ ನಿಘಂಟಿನಲ್ಲೋ ತೆಗೆದು ನೋಡು.

ಇನ್ನು ರಸ್ತೆಗೆ ಬರೋಣ. ವೇಳಚೇರಿಯಿಂದ ಬರೋ ಎಂಆರ್‌ಟಿಎಸ್ ರೈಲಿನಲ್ಲಿ ತಿರುವಾನ್ಮಿಯೂರ್ ಬಂದಾಗ ‘ಆರ್ ಯು ಗೆಟಿಂಗ್ ಡೌನ್?’ ಅಂತ ಕೇಳದೇ ಇರೋರು ಯಾರು? ನಮ್ಮ ‘ಇಳಿ’, ತಮಿಳಿನ ‘ಇರಂಗು’, ಎರಡಕ್ಕೂ ಕೆಳಗೆ ಹೋಗೋ ಅರ್ಥ ಇದೆ, ಹಾಗಾಗಿ ಡೌನ್ ತಾನಾಗೇ ಬಾಯಿಗೆ ಬರುತ್ತೆ. ಇಲ್ಲಿ ಯಾರೂ ತಪ್ಪು ತಿಳಿಯಲ್ಲ, ಹಾಯಾಗಿ ಹೇಳಿ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಆದರೆ ಗೆಟ್ ಆಫ್ ಅನ್ನಿ. ಅಲ್ಲಿನ ಲೆಕ್ಕ ಇಷ್ಟೇ: ಒಳಗೆ ನಿಂತು ಓಡಾಡುವಂಥ ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಬಗ್ಗಿ ಒಳಗೆ ಕೂರಬೇಕಾದ ಕಾರಿಗೆ ಗೆಟ್ ಇನ್, ಗೆಟ್ ಔಟ್ ಆಫ್. ನಮ್ಮ ಆಟೋವನ್ನು ಕಾರಿನ ಜೊತೆ ಸೇರಿಸಿ.

ಇಂಟರ್‌ವ್ಯೂನಲ್ಲಿ ಮಾತ್ರ ಒಂದು ವಿಷಯ ನೆನಪಿರಲಿ. ‘ಐ ಪಾಸ್ಡ್ ಔಟ್ ಇನ್ 2019’ ಅಂದ್ರೆ ಹೊರದೇಶದವರಿಗೆ ಕೇಳಿಸೋದು ‘ನಾನು 2019ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ’ ಅಂತ. ಹಾಗಂತ ಈ ಬಳಕೆಗೆ ಬುಡವೇ ಇಲ್ಲ ಅಂತಲ್ಲ. ತರಬೇತಿ ಮುಗಿಸಿ ಹೊರಬರೋದಕ್ಕೆ ಬ್ರಿಟಿಷ್ ಸೇನೆಯಲ್ಲಿ ಈ ಮಾತು ಇದೆ, ಪರಂಗಿಮಲೈ ಹತ್ತಿರದ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯಲ್ಲಿ ಇವತ್ತಿಗೂ ನಡೆಯೋದು ಪಾಸಿಂಗ್ ಔಟ್ ಪರೇಡೇ. ಕಾಲೇಜಿಗೆ ಗ್ರಾಜುಯೇಟೆಡ್ ಅಂದ್ರೆ ಸಾಕು. ಹಾಗೇ ‘ಕೋಪ್ ಅಪ್ ವಿತ್’ ಅನ್ನೋದರಲ್ಲಿ ಅಪ್ ಬೇಡ, ಕೋಪ್ ವಿತ್ ಅಷ್ಟೇ.

ಕೊನೆಗೆ ತಾರೀಖಿನ ಮಾತು. ಇದರಲ್ಲಿ ಎಡವಿದರೆ ಕೆಲಸಕ್ಕೇ ಪೆಟ್ಟು, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಪುಟ್ ಆಫ್ ಅಂದ್ರೆ ಮುಂದಕ್ಕೆ ಹಾಕು. ಕಾಲ್ ಆಫ್ ಅಂದ್ರೆ ರದ್ದು ಮಾಡು. ಎರಡರಲ್ಲೂ ಆಫ್ ಇದೆ ಅಂತ ಒಂದೇ ಅಂದುಕೊಳ್ಳಬೇಡಿ: ಒಂದರಲ್ಲಿ ಮೀಟಿಂಗ್ ಇನ್ನೊಂದು ದಿನ ಇರುತ್ತೆ, ಇನ್ನೊಂದರಲ್ಲಿ ಇರೋದೇ ಇಲ್ಲ. ಬ್ರಿಂಗ್ ಫಾರ್ವರ್ಡ್ ಅಂದ್ರೆ ನಾವು ಪ್ರಿಪೋನ್ ಅನ್ನೋದು, ಹೇಳಿದ್ದಕ್ಕಿಂತ ಮೊದಲೇ ಇಟ್ಟುಕೊಳ್ಳೋದು. ಅಮೆರಿಕದವರು ಇದಕ್ಕೇ ಮೂವ್ ಅಪ್ ಅಂತಾರೆ. ಕನ್ನಡದ ‘ಮುಂದಕ್ಕೆ ಹಾಕು’ ಮನಸ್ಸಿನಲ್ಲಿದ್ದರೆ ಫಾರ್ವರ್ಡ್ ಕೇಳಿದ ಕೂಡಲೇ ‘ಓ, ಇನ್ನೂ ಟೈಮ್ ಇದೆ’ ಅನ್ನಿಸುತ್ತೆ. ಆಗಿರೋದು ಪೂರ್ತಿ ಉಲ್ಟಾ.

ಪುಷ್ ಬ್ಯಾಕ್ ಇನ್ನೂ ಸೂಕ್ಷ್ಮ. ‘ದಿ ಕ್ಲೈಂಟ್ ಪುಷ್ಡ್ ಬ್ಯಾಕ್ ದಿ ಡೇಟ್’ ಅಂದ್ರೆ ಕ್ಲೈಂಟ್ ತಾರೀಖನ್ನು ಮುಂದಕ್ಕೆ ಹಾಕಿದರು, ನಿಮಗೆ ಉಸಿರಾಡೋಕೆ ಸಮಯ ಸಿಕ್ಕಿತು. ‘ದಿ ಕ್ಲೈಂಟ್ ಪುಷ್ಡ್ ಬ್ಯಾಕ್ ಆನ್ ದಿ ಡೇಟ್’ ಅಂದ್ರೆ ನೀವು ಕೊಟ್ಟ ತಾರೀಖನ್ನು ಅವರು ಒಪ್ಪಲಿಲ್ಲ, ಇನ್ನು ಕೂತು ಮಾತಾಡಬೇಕು. ಮೀಟಿಂಗ್ ಮುಗಿದ ಮೇಲೆ ಮಿನಿಟ್ಸ್ ಬರೆಯೋರು ನೀವೇ ಆಗಿದ್ದರೆ, ಆ ‘ಆನ್’ ಇತ್ತಾ ಇರಲಿಲ್ವಾ ಅಂತ ಸಂಕೋಚ ಇಲ್ಲದೆ ಅಲ್ಲೇ ಕೇಳಿಬಿಡಿ.