ಕೊಂಡುಕುರಿ ಮತ್ತು ಆಕ್ಟೋಪಸ್: ಎರಡು ಬಗೆಯ ತಾಯ್ತನ

ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಕೊಂಡುಕುರಿ ಎಂಬ ಪ್ರಾಣಿಯಿದೆ. ಹೆಸರಿನಲ್ಲಿ ಕುರಿ, ಜಾತಿಯಲ್ಲಿ ಹುಲ್ಲೆ. ಗಂಡಿಗೆ ನಾಲ್ಕು ಕೊಂಬು. ಇತ್ತ ನಾವು ದುಡಿಯುವ ಅರಬ್ ನಾಡಿನ ಪಶ್ಚಿಮಕ್ಕೆ, ಕೆಂಪು ಸಮುದ್ರದ ಹವಳದ ದಿಬ್ಬಗಳಲ್ಲಿ ಆಕ್ಟೋಪಸ್ ಇದೆ. ಎಂಟು ತೋಳು, ಮೂರು ಹೃದಯ, ಮೂಳೆ ಒಂದೂ ಇಲ್ಲ.

ಕೊಂಡುಕುರಿಯ ರಕ್ತ ನಮ್ಮಂತೆಯೇ ಕೆಂಪು. ಅದರಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ. ಆಕ್ಟೋಪಸ್ ರಕ್ತದಲ್ಲಿ ಆ ಕೆಲಸ ತಾಮ್ರದ್ದು, ಹಾಗಾಗಿ ಅದು ನೀಲಿ. ಅಪಾಯ ಬಂದರೆ ಎರಡೂ ಅಡಗುತ್ತವೆ. ಒಂದು ಹುಲ್ಲಿನಲ್ಲಿ ಅಲುಗದೆ ನಿಲ್ಲುತ್ತದೆ, ಇನ್ನೊಂದು ಕಲ್ಲಿನ ಬಣ್ಣ ತಳೆಯುತ್ತದೆ.

ತಾಯ್ತನದಲ್ಲಿ ಮಾತ್ರ ದಾರಿ ಬೇರೆ. ಕೊಂಡುಕುರಿ ಮರಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತದೆ, ಹಿಂದಿರುಗಿ ಹಾಲೂಡಿಸುತ್ತದೆ. ಆಕ್ಟೋಪಸ್ ಮೊಟ್ಟೆಯಿಟ್ಟ ಮೇಲೆ ಆಹಾರ ಬಿಟ್ಟು ಕಾವಲು ಕೂರುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ಸೊರಗಿ ಸಾಯುತ್ತದೆ. ಜೆರೋಮ್ ವೊಡಿನ್ಸ್ಕಿ ಎಂಬ ವಿಜ್ಞಾನಿ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣಿನ ಬಳಿಯ ಗ್ರಂಥಿಗಳನ್ನು ತೆಗೆದ ತಾಯಿ ಆಕ್ಟೋಪಸ್‌ಗಳು ಕಾವಲು ಬಿಟ್ಟು ಮತ್ತೆ ತಿನ್ನತೊಡಗಿದವು, ಹೆಚ್ಚು ಕಾಲ ಬದುಕಿದವು. ಅಂದರೆ ಆ ಉಪವಾಸ ಗ್ರಂಥಿಯ ಆಜ್ಞೆ.

ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ "ತಿಂಡಿ ಆದ ಮೇಲೆ ತಗೊಳ್ಳಿ" ಎಂದು ಮಾತ್ರೆ ಕೊಟ್ಟರೆ, "ಬೆಳಿಗ್ಗೆ ತಿಂಡಿ ತಿನ್ನಲ್ಲ ಅಣ್ಣ, ಊರಿಗೆ ದುಡ್ಡು ಕಳಿಸಬೇಕಲ್ಲ" ಎನ್ನುವ ನಮ್ಮ ಹುಡುಗರಿದ್ದಾರೆ. ನಮಗೆ ಅಂಥ ಗ್ರಂಥಿಯ ಆಜ್ಞೆಯೇನೂ ಇಲ್ಲ. ಮೇಯಲು ದೂರ ಹೋದ ಕೊಂಡುಕುರಿ ಮರಿಯನ್ನು ಮರೆತಿರುವುದಿಲ್ಲ; ಅದರ ಹೊಟ್ಟೆ ತುಂಬಿದರೇ ಮರಿಗೆ ಹಾಲು. ನಮ್ಮ ದಾರಿಯೂ ಅದೇ. ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹೊತ್ತಿಗೆ ಸರಿಯಾಗಿ ಉಣ್ಣಿ. ಊರಲ್ಲಿ ಕಾಯುವವರಿಗೆ ಹಣದ ಜೊತೆ ನೀವೂ ಬೇಕು.